ಜಗದೇವಿಯ ಕಾಗದದಲ್ಲಿ ಖಾಲಿ ಬಿಟ್ಟ ಜಾಗ

ಹೆಣ್ಣು ಕೂಸು! ಮೊನ್ನೆ ಬೆಳಗಾಗುವ ಹೊತ್ತಿಗೆ ಕಮಲಾಪುರದ ಸರಕಾರಿ ದವಾಖಾನೆಯಲ್ಲಿ ನಮ್ಮ ಸುವರ್ಣಾ ಹಡೆದಳು. ತಾಯಿ, ಕೂಸು ಇಬ್ಬರೂ ಆರಾಮ ಇದ್ದಾರೆ. ನಾನು ಆಯಿ ಆದೆ, ಅಜ್ಜಿ ಆದೆ! ತಲೆ ತುಂಬ ಕರಿ ಕೂದಲು, ಮೊಂಡು ಮೂಗು, ಅತ್ತರೆ ಓಣಿಯ ಆ ತುದಿಗೆ ಕೇಳಬೇಕು, ಅಂಥ ಗಂಟಲು.

ನರ್ಸಬಾಯಿ ಹೊರಗೆ ಬಂದು ಮುಖ ಸಣ್ಣದು ಮಾಡಿಕೊಂಡು "ಹೆಣ್ಣಾಗ್ಯದ ನೋಡ್ರಿ" ಎಂದಳು. ನಾನು ಅವಳ ಎರಡೂ ಕೈ ಹಿಡಿದು ಕುಣಿದೇಬಿಟ್ಟೆ.

"ಏ ಯವ್ವಾ, ಗಂಡು ಹುಟ್ಟಿದಂಗ ಕುಣಿಲಾಕತ್ತೀರಲ್ರಿ!"

"ಗಂಡು ಹುಟ್ಟಿದ್ರ ಇಷ್ಟು ಕುಣೀತಿದ್ದಿಲ್ಲ ಬಿಡು" ಎಂದೆ.

ನಮ್ಮ ಯಜಮಾನರು ಪೇಢೆ ತಂದು ದವಾಖಾನೆಯ ಬಾಗಿಲಲ್ಲಿ ನಿಂತವರಿಗೆಲ್ಲ ಹಂಚಿದರು. ಮಹಾಗಾಂವಕ್ಕೆ ಹೋಗುವ ಟೆಂಪೊದವನನ್ನು ನಿಲ್ಲಿಸಿ ಅವನಿಗೂ ಕೊಟ್ಟರು. ಅವನು ಯಾಕೆ ಏನು ಎಂದು ಕೇಳದೆ ಬಾಯಿಗೆ ಹಾಕಿಕೊಂಡು ಹೋದ.

ಸುವರ್ಣಾ ನನ್ನ ಹೊಟ್ಟೆಯಲ್ಲಿ ಹುಟ್ಟಿದವಳಲ್ಲ. ನನ್ನ ನೆಗೆಣ್ಣಿ ಜಗದೇವಿಯ ಮಗಳು. ಜಗದೇವಿ ಅಂದರೆ ನನ್ನ ಮೈದುನ ಶರಣಪ್ಪನ ಹೆಂಡತಿ. ಮದುವೆಯಾಗಿ ಹನ್ನೆರಡು ವರ್ಷದ ಮೇಲೆ ಹರಕೆ ಹೊತ್ತು ಹಡೆದ ಒಬ್ಬಳೇ ಮಗಳು. ಆ ಮಗಳಿಗೆ ಏಳು ವರ್ಷ ತುಂಬುವಷ್ಟರಲ್ಲಿ ಜಗದೇವಿ ಹೋಗಿಬಿಟ್ಟಳು. ಅದಕ್ಕೆ ಈಗ ಹದಿಮೂರು ವರ್ಷ. ಅಂದರೆ ಮೊನ್ನೆ ಕುಣಿಯಬೇಕಾಗಿದ್ದವಳು ನಾನಲ್ಲ, ಅವಳು.

ನಮಗಿಬ್ಬರಿಗೂ ಒಂದೇ ವರ್ಷ ಒಂದೇ ಬೇನೆ ಬಂದಿತ್ತು. ಬಾಯಿಯ ಕ್ಯಾನ್ಸರ್. ನಾನು ಉಳಿದೆ, ಅವಳು ಉಳಿಯಲಿಲ್ಲ. ಯಾಕೆ ಹಾಗಾಯಿತು ಎಂಬುದು ಇಷ್ಟು ವರ್ಷ ಸುವರ್ಣಾಗೆ ಗೊತ್ತಿರಲಿಲ್ಲ. ಅದರಲ್ಲಿ ನನ್ನ ಪಾಲು ಎಷ್ಟಿದೆ ಎಂಬುದಂತೂ ಗೊತ್ತೇ ಇರಲಿಲ್ಲ. ಹೇಳಿದರೆ ಈ ಹುಡುಗಿ ನನ್ನನ್ನು ಮತ್ತೆ 'ದೊಡ್ಡವ್ವ' ಅಂತ ಕರೆಯುತ್ತಾಳೋ ಇಲ್ಲವೋ ಎಂಬ ಒಂದೇ ಅಂಜಿಕೆಗೆ ನಾನು ಬಾಯಿ ಮುಚ್ಚಿಕೊಂಡಿದ್ದೆ. ನಿನ್ನೆ ಹೇಳಿದೆ. ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತೇನೆ. ನಾನು ಓದಿದ್ದು ನಾಲ್ಕನೇ ಇಯತ್ತೆ. ತಪ್ಪಿದ್ದಲ್ಲಿ ನನ್ನ ದೊಡ್ಡ ಮಗ ತಿದ್ದಿದ್ದಾನೆ. ಬಾಯಲ್ಲಿ ಹುಣ್ಣು ಇಟ್ಟುಕೊಂಡು, ಯಾರಿಗೆ ತೋರಿಸಲಿ ಎಂದು ಕೂತವರು ಯಾರಾದರೂ ಓದಲಿ.

ನಮ್ಮ ಕಡೆ ಹೆಣ್ಣುಮಕ್ಕಳು ಮಿಶ್ರಿ ಹಚ್ಚುತ್ತಾರೆ. ತಂಬಾಕಿನ ಎಲೆಯನ್ನು ಹಂಚಿನ ಮೇಲೆ ಕರ್ರಗೆ ಹುರಿದು, ಪುಡಿ ಮಾಡಿ, ಡಬ್ಬಿಯಲ್ಲಿಟ್ಟುಕೊಂಡು, ಬೆರಳಿಂದ ಹಲ್ಲಿಗೆ ಒಸಡಿಗೆ ತಿಕ್ಕುವುದು. ಬೆಳಿಗ್ಗೆ ಒಮ್ಮೆ ಅಂತ ಶುರುವಾಗಿ, ಉಂಡ ಮೇಲೆ ಒಮ್ಮೆ, ರೊಟ್ಟಿ ಬಡಿದು ದಣಿದಾಗ ಒಮ್ಮೆ. ನನಗೆ ಹಚ್ಚಲು ಕಲಿಸಿದ್ದು ನಮ್ಮ ಅತ್ತೆ. ಜಗದೇವಿಗೆ ಕಲಿಸಿದ್ದು ನಾನು. ಹದಿನೈದು ವರ್ಷದ ಹುಡುಗಿ ಸೊಸೆಯಾಗಿ ಬಂದ ಮೊದಲ ತಿಂಗಳಲ್ಲೇ ಹಲ್ಲು ನೋವು ಅಂತ ಅತ್ತಾಗ, ನನ್ನ ಡಬ್ಬಿಯಿಂದ ಚಿಟಿಕೆ ತೆಗೆದು ಅವಳ ಒಸಡಿಗೆ ನನ್ನ ಕೈಯಾರೆ ಹಚ್ಚಿದ್ದೆ. ನೋವು ಹೋಯಿತು. ಚಟ ಉಳಿಯಿತು.

ನನ್ನ ಎಡಗೆನ್ನೆಯ ಒಳಗೆ ಹುಣ್ಣಾದಾಗ ಅದು ಉಷ್ಣದ ಹುಣ್ಣು ಅಂದುಕೊಂಡೆ. ಖಾರ ತಾಗಿದರೆ ಕಣ್ಣಲ್ಲಿ ನೀರು. ಆ ಉರಿ ಆರಲಿ ಅಂತ ಹುಣ್ಣಿನ ಮೇಲೆಯೇ ಮಿಶ್ರಿ ಒತ್ತಿ ಇಟ್ಟುಕೊಳ್ಳುತ್ತಿದ್ದೆ. ಒಂದು ಗಳಿಗೆ ಜುಮ್ಮೆಂದು ಮರಗಟ್ಟುತ್ತಿತ್ತು, ಅದನ್ನೇ ಗುಣ ಅಂತ ತಿಳಿದೆ. ಗಂಡಸರು ಉಂಡೆದ್ದ ಮೇಲೆ ನಾವಿಬ್ಬರು ಅಡಿಗೆಮನೆಯಲ್ಲಿ ಉಣ್ಣುತ್ತಿದ್ದೆವು. ಹಾಗಾಗಿ ನಾನು ರೊಟ್ಟಿಯನ್ನು ಬೇಳೆಸಾರಿನಲ್ಲಿ ನೆನೆಸಿಟ್ಟು ನುಂಗುವುದು ಜಗದೇವಿ ಬಿಟ್ಟು ಯಾರ ಕಣ್ಣಿಗೂ ಬೀಳಲಿಲ್ಲ.

"ಯಕ್ಕಾ, ಇಷ್ಟು ಜಲ್ದಿ ಮುದಿಕಿ ಆದಿ ಏನ? ರೊಟ್ಟಿ ನೆನಸಿ ತಿನ್ನಲಾಕತ್ತಿ?"

"ಬಾಯಾಗ ಹುಣ್ಣಾಗ್ಯದ."

"ನನಗೂ ಆಗ್ಯದ, ನೋಡು" ಎಂದು ನಾಲಿಗೆ ಎತ್ತಿ ತೋರಿಸಿದಳು. ಅಡಿಯಲ್ಲಿ ಬಟಾಣಿ ಕಾಳಿನಷ್ಟು ಬಿಳಿ ಕಲೆ. ಆಮೇಲೆ ನನ್ನ ಗದ್ದ ಹಿಡಿದು ಬಾಯೊಳಗೆ ನೋಡಿ, "ಹುಣ್ಣಿನಾಗೂ ನಿಂದೇ ದೊಡ್ಡದು. ಹಿರೇ ಸೊಸಿ ಅಲ್ಲಾ!" ಎಂದು ನಕ್ಕಳು. ನಾನೂ ನಕ್ಕೆ. ನಕ್ಕದ್ದಕ್ಕೆ ಕೆನ್ನೆ ಉರಿಯಿತು.

ಕಮಲಾಪುರದ ಡಾಕ್ಟರು ಎರಡು ವಾರ ಬಾಯಿಗೆ ಹಚ್ಚುವ ಔಷಧ ಕೊಟ್ಟರು. ಮಾಯಲಿಲ್ಲ. ಇಬ್ಬರನ್ನೂ ಕೂರಿಸಿ, "ಕಲಬುರಗಿಗಿ ಹೋಗ್ರಿ, ಇವತ್ತೇ ಹೋಗ್ರಿ" ಎಂದರು. ಹೋದೆವು. ಅಲ್ಲಿಯ ದೊಡ್ಡ ದವಾಖಾನೆಯಲ್ಲಿ ಇಬ್ಬರ ಬಾಯಿಂದಲೂ ಚೂರು ಮಾಂಸ ಕತ್ತರಿಸಿ ಪರೀಕ್ಷೆಗೆ ಕಳಿಸಿದರು. ವಾರ ಬಿಟ್ಟು ಬರಲು ಹೇಳಿದರು. ಆ ಒಂದು ವಾರ ಮನೆಯಲ್ಲಿ ಯಾರೂ ಬೇನೆಯ ಹೆಸರು ಹೇಳಲಿಲ್ಲ. ಯಜಮಾನರು ಎಂದೂ ಇಲ್ಲದವರು ನನಗೆ ನೀರು ತುಂಬಿ ಕೊಟ್ಟರು. ಅದನ್ನು ನೋಡಿ ನನಗೆ ಅರ್ಥವಾಯಿತು, ಇದು ಸಣ್ಣದಲ್ಲ ಅಂತ.

ವಾರ ಬಿಟ್ಟು ಯಜಮಾನರೇ ನಮ್ಮಿಬ್ಬರನ್ನೂ ಕರೆದುಕೊಂಡು ಹೋದರು. ಮೈದುನ ತೋಟದಲ್ಲಿ ಉಳಿದ. ಅಂದು ದವಾಖಾನೆಯ ಪಡಸಾಲೆಯಲ್ಲಿ ಕೂತಿದ್ದು ನೆನೆದರೆ ಈಗಲೂ ಮೂಗಿಗೆ ಫಿನಾಯಿಲ್ ವಾಸನೆ ಬರುತ್ತದೆ. ಎಲ್ಲರ ಬಾಯಿಗೂ ಅರಿವೆ ಅಡ್ಡ. ಕರಿಯ ಬೆಂಚಿನ ಮೇಲೆ ಅಂಟಿಕೊಂಡು ಕೂತ ಜನ, ಯಾರ ಹೆಸರು ಕೂಗಿದರೂ ಎಲ್ಲರೂ ಬಾಗಿಲ ಕಡೆ ನೋಡುವುದು. ನಮ್ಮ ಮಗ್ಗುಲಲ್ಲಿ ಮಹಾಗಾಂವದ ರಸೂಲ್ ಚಾಚಾ ಅಂತ ಒಬ್ಬರಿದ್ದರು, ಕುಲುಮೆ ಕೆಲಸದವರು. ಆ ಇಡೀ ಪಡಸಾಲೆಯಲ್ಲಿ ಮಾತಾಡುತ್ತಿದ್ದವರು ಅವರೊಬ್ಬರೇ.

"ಒಳಗ ಹೋದ ಕೂಡ್ಲೇ ನಂಬರ್ ಹಾಕ್ತಾರ, ಬೆಹೆನ್. ನಂದು ಮೂರು. ಸಾಲಿಯಾಗ ಎಂದೂ ಮೂರು ಮಾರ್ಕ್ ಬಿದ್ದಿದ್ದಿಲ್ಲ ನೋಡ್ರಿ ನನಗ, ಇಲ್ಲಿ ಬಿತ್ತು."

"ಜಾಸ್ತಿ ಬಿದ್ರ ಚಲೋನೋ, ಕಮ್ಮಿ ಬಿದ್ರ ಚಲೋನೋ?" ಜಗದೇವಿ ಸೆರಗಿನೊಳಗಿಂದ ಕೇಳಿದಳು.

"ಕಮ್ಮಿ, ಕಮ್ಮಿ! ನಾಲ್ಕ ಅಂದ್ರ ಮುಗೀತು. ಅಲ್ಲಾ ಯಾರಿಗೂ ನಾಲ್ಕ ಕೊಡಬ್ಯಾಡಪ."

ನಮ್ಮನ್ನು ಒಳಗೆ ಕರೆದರು. ಡಾಕ್ಟರು ಮೈಸೂರು ಕಡೆಯವರು, ಮಾತು ಮೆತ್ತಗೆ. ಮೊದಲು ನನ್ನನ್ನು ನೋಡಿದರು. ಬಾಯೊಳಗೆ ಬೆಳಕು ಬಿಟ್ಟು, ಮಕ್ಕಳು ಸಾಲಿಗೆ ಒಯ್ಯುವಂಥ ಒಂದು ಸಣ್ಣ ಪಟ್ಟಿ ಹಿಡಿದು ಹುಣ್ಣನ್ನು ಅಳೆದರು. ಮೂರು ಸೆಂಟಿಮೀಟರು. ಆಮೇಲೆ ನನ್ನ ಹಿಂದೆ ನಿಂತು ಗದ್ದದ ಕೆಳಗೆ, ಕಿವಿಯ ಕೆಳಗೆ, ಕೊರಳ ಎರಡೂ ಬದಿ ಬೆರಳೊತ್ತಿ ಹುಡುಕಿದರು. ಬೇಳೆಯಲ್ಲಿ ಕಲ್ಲು ಹುಡುಕುವ ಹಾಗೆ, ಅಷ್ಟು ನಿಧಾನ. ಏನೂ ಸಿಗಲಿಲ್ಲ. ಎದೆಯ ಫೋಟೋ ಸ್ವಚ್ಛ ಇತ್ತು. ಕಾಗದದಲ್ಲಿ ಎರಡು ಕಡ್ಡಿ ನಿಲ್ಲಿಸಿದ ಹಾಗೆ ರೋಮನ್ ಅಂಕಿಯಲ್ಲಿ ಬರೆದು, "ಎರಡನೇ ಸ್ಟೇಜು. ಗುಣ ಆಗುತ್ತೆ, ಭಯ ಪಡಬೇಡಿ" ಎಂದರು. ಆ 'ಗುಣ' ಎಂಬ ಮಾತಿಗೆ ನನ್ನ ಯಜಮಾನರು ಗೋಡೆ ಹಿಡಿದುಕೊಂಡರು.

ಆಮೇಲೆ ಜಗದೇವಿ. ಅವಳದನ್ನು ಅಳೆದರೆ ಒಂದು ಸೆಂಟಿಮೀಟರೂ ಪೂರ್ತಿ ಇರಲಿಲ್ಲ.

"ಸೆರಗು ಸರಿಸಿ, ಕುತ್ತಿಗೆ ನೋಡಬೇಕು" ಎಂದರು ಡಾಕ್ಟರು.

ಈಗಿನವರಿಗೆ ಇದು ತಿಳಿಯುವುದು ಕಷ್ಟ. ನಮ್ಮ ಮನೆಯಲ್ಲಿ ಕಿರಿಯ ಸೊಸೆ ಭಾವನ ಎದುರು ತಲೆ ಮೇಲಿನ ಸೆರಗು ತೆಗೆಯುತ್ತಿರಲಿಲ್ಲ, ಎದುರಾಬದುರು ಮಾತಾಡುತ್ತಿರಲಿಲ್ಲ. ಆ ಮನೆಗೆ ಬಂದು ಹತ್ತೊಂಬತ್ತು ವರ್ಷ ಆಗಿತ್ತು, ನನ್ನ ಯಜಮಾನರು ಅವಳ ಕೊರಳನ್ನು ಒಂದು ದಿನವೂ ನೋಡಿರಲಿಕ್ಕಿಲ್ಲ. ಅವರು ಅಲ್ಲಿಯೇ ಮೂರು ಮೊಳ ದೂರದಲ್ಲಿ ನಿಂತಿದ್ದರು. ಪಾಪ, ತಾವೇ ಗೋಡೆ ಕಡೆ ತಿರುಗಿ ನಿಂತು "ತೋರ್ಸವಾ, ತೋರ್ಸು" ಎಂದರು. ಜಗದೇವಿ ಸೆರಗನ್ನು ಇನ್ನಷ್ಟು ಬಿಗಿಯಾಗಿ ಎಳೆದುಕೊಂಡಳು.

"ಗಂಟು ಏನಾದರೂ ಕೈಗೆ ಹತ್ತಿದೆಯೇನಮ್ಮ?" ಡಾಕ್ಟರು ಕೇಳಿದರು.

ಅವಳು ನನ್ನ ಕಡೆ ನೋಡಿದಳು. ನೆಟ್ಟಗೆ, ರೆಪ್ಪೆ ಬಡಿಯದೆ ನೋಡಿದಳು. ಮನೆಯಲ್ಲಿ ಯಾರಾದರೂ ಹೊರಗಿನವರು ಏನಾದರೂ ಕೇಳಿದಾಗ ಹಾಗೆ ನನ್ನ ಕಡೆ ನೋಡುವುದು ಅವಳ ರೂಢಿ, 'ನೀ ಹೇಳು' ಅಂತ. ಹತ್ತೊಂಬತ್ತು ವರ್ಷ ಅವಳ ಪರವಾಗಿ ನಾನೇ ಹೇಳುತ್ತಿದ್ದೆ. ಅಂದೂ ಹೇಳಿದೆ.

"ಏನೂ ಇಲ್ರಿ ಸಾಹೇಬ್ರ. ಬಾಯಾಗ ಅಷ್ಟೇ ಅದ."

ಡಾಕ್ಟರಿಗೆ ಅದು ಸಾಕಾಗಲಿಲ್ಲ. ಹೊರಗೆ ಇನ್ನೂ ಅರವತ್ತು ಎಪ್ಪತ್ತು ಜನ ಇದ್ದರು, ಆದರೂ ಪೆನ್ನು ಕೆಳಗಿಟ್ಟು ಹೇಳಿದರು. "ನೋಡಿ, ಹುಣ್ಣು ಎಷ್ಟು ದೊಡ್ಡದು ಅನ್ನೋದು ಒಂದೇ ಅಲ್ಲ. ಕುತ್ತಿಗೆಗೆ ಇಳಿದಿದೆಯಾ ಅನ್ನೋದು ಮುಖ್ಯ. ಬೆರಳಿಟ್ಟು ನೋಡದೆ ನಾನು ನಂಬರ್ ಹಾಕೋದಿಲ್ಲ. ಗುರುವಾರ ಲೇಡಿ ಡಾಕ್ಟರು ಇರ್ತಾರೆ, ಅವರಿಗೆ ತಪ್ಪದೆ ತೋರಿಸಿ." ಜಗದೇವಿಯ ಕಾಗದದಲ್ಲಿ ಆ ಜಾಗ ಖಾಲಿ ಬಿಟ್ಟರು.

ಬಸ್ಸಿನಲ್ಲಿ ಬರುವಾಗ ಅವಳು ಎರಡೂ ಕಾಗದ ತೊಡೆಯ ಮೇಲೆ ಹರವಿಕೊಂಡಳು. ಅಕ್ಷರ ಬರುತ್ತಿರಲಿಲ್ಲ ಅವಳಿಗೆ, ಆದರೆ ಎಲ್ಲಿ ಬರೆದಿದೆ, ಎಲ್ಲಿ ಬರೆದಿಲ್ಲ ಅಂತ ಕಾಣುತ್ತಿತ್ತಲ್ಲ.

"ನನಗ ನಂಬರೇ ಹಾಕಿಲ್ಲ ನೋಡು ಯಕ್ಕಾ. ಅಂದ್ರ ಇನ್ನಾ ನನಗ ಹತ್ತೇ ಇಲ್ಲ."

ನಾನು ಹೌದೆಂದೆ. ಯಜಮಾನರೂ ಹೌದೆಂದರು. ಮನೆಯಲ್ಲಿ ಮೈದುನನಿಗೂ ಹಾಗೆಯೇ ಹೇಳಿದೆವು. 'ಕಮ್ಮಿ ಇದ್ದಷ್ಟು ಚಲೋ' ಅಂತ ಚಾಚಾ ಹೇಳಿದ್ದರು. ಏನೂ ಇಲ್ಲದಿರುವುದಕ್ಕಿಂತ ಕಮ್ಮಿ ಯಾವುದು? ಡಾಕ್ಟರು ಬಾಯಿಬಿಟ್ಟು ಹೇಳಿದ್ದು ನಾವು ಮೂರೂ ಜನ ಕೇಳಿಸಿಕೊಂಡಿದ್ದೆವು. ಆದರೂ ಮನಸ್ಸಿಗೆ ಬೇಕಾದದ್ದನ್ನೇ ನಂಬಿದೆವು.

ಅತ್ತೆ ಅಷ್ಟರಲ್ಲಿ ತೀರಿಕೊಂಡಿದ್ದರು, ಮನೆಯಲ್ಲಿ ಹೆಂಗಸರು ಅಂದರೆ ನಾವಿಬ್ಬರೇ. ಇಬ್ಬರೂ ಒಮ್ಮೆಗೇ ಮಲಗಿದರೆ ಮೂರು ಮಕ್ಕಳಿಗೆ ರೊಟ್ಟಿ ಬಡಿಯುವವರು ಯಾರು ಅಂತ ಮಾತು ಬಂತು. ಜಗದೇವಿಯೇ ತೀರ್ಮಾನ ಮಾಡಿದಳು. "ಅಕ್ಕನ ಹುಣ್ಣು ದೊಡ್ಡದದ, ಅಕ್ಕಗ ನಂಬರ್ ಬಿದ್ದದ. ಮೊದಲ ಅಕಿದು ಮುಗಸಮು. ನಂದು ಬಟಾಣಿಯಷ್ಟದ, ಎಲ್ಲಿ ಓಡಿ ಹೋಗ್ತದ?" ಗುರುವಾರ ಅವಳು ಲೇಡಿ ಡಾಕ್ಟರಿಗೆ ತೋರಿಸಬೇಕಾಗಿತ್ತು. ಅದೇ ಗುರುವಾರ ನನ್ನ ಎಡಗಡೆಯ ಹಲ್ಲು ಕೀಳಿಸುವುದಿತ್ತು. ಕರೆಂಟು, ಅಂದರೆ ರೇಡಿಯೇಷನ್, ಕೊಡುವ ಮೊದಲು ಕೆಟ್ಟ ಹಲ್ಲು ತೆಗೆಯಬೇಕಂತೆ. ಐದು ಹಲ್ಲು ಕಿತ್ತರು. ನಾನು ರಕ್ತ ಉಗುಳುತ್ತ ಕೂತಿದ್ದೆ, ಅವಳು ನನ್ನ ತಲೆ ಹಿಡಿದುಕೊಂಡು ಕೂತಿದ್ದಳು. ಲೇಡಿ ಡಾಕ್ಟರ ಕೋಣೆ ಅಲ್ಲಿಂದ ಹತ್ತು ಹೆಜ್ಜೆ.

ಕರೆಂಟು ಕೊಡುವುದು ಆರೂವರೆ ವಾರ, ದಿನಾ ಹೋಗಬೇಕು. ಕಲಬುರಗಿಯ ಬ್ರಹ್ಮಪುರದಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದೆವು. ಮಕ್ಕಳನ್ನು ನೋಡಿಕೊಳ್ಳಲು ನನ್ನ ತವರಿನಿಂದ ಸೋದರತ್ತೆ ಬಂದಳು, ಕೈಲಾಗದ ಮುದುಕಿ, ಆದರೂ ಬಂದಳು. ಜಗದೇವಿ ನನ್ನ ಜೊತೆ ನಿಂತಳು.

ಕರೆಂಟು ಅಂದರೆ ಮೈಗೆ ಝುಂ ಅನ್ನುವುದೇನೂ ಇಲ್ಲ, ಅಂಜಬೇಡಿ. ಕೋಣೆಯಲ್ಲಿ ಒಬ್ಬರನ್ನೇ ಮಲಗಿಸಿ, ತಲೆ ಅಲುಗದಂತೆ ಎರಡೂ ಕಡೆ ಉಸುಕಿನ ಚೀಲ ಇಟ್ಟು, ಬಾಗಿಲು ಹಾಕಿಕೊಂಡು ಹೋಗುತ್ತಾರೆ. ಮಿಷನ್ನು ಗುಂಯ್ ಅನ್ನುತ್ತದೆ. ಅಷ್ಟೇ. ಆ ಒಂಟಿತನವೇ ಕಷ್ಟ. ಮೊದಲ ದಿನ ಬಾಗಿಲು ಹಾಕಿದಾಗ ನನಗೆ ಬದುಕಿದ್ದಾಗಲೇ ಕುಣಿಯಲ್ಲಿಟ್ಟ ಹಾಗಾಯಿತು. ಹೊರಗೆ ಬಂದು ಜಗದೇವಿಗೆ ಹೇಳಿದೆ. ಮರುದಿನದಿಂದ ಅವಳು ಆ ಬಾಗಿಲ ಹೊರಗೆ ಕೂತು, ಮುಚ್ಚಿದ ಬಾಗಿಲಿಗೆ ಬಾಯಿ ಹಚ್ಚಿ ಕೂಗುತ್ತಿದ್ದಳು. "ಯಕ್ಕಾ, ನಾ ಇಲ್ಲೇ ಇದ್ದೀನಿ!" ಅಷ್ಟು ದಪ್ಪ ಬಾಗಿಲು, ನನಗೆ ಏನೂ ಕೇಳಿಸುತ್ತಿರಲಿಲ್ಲ. ಆದರೆ ಅವಳು ಕೂಗುತ್ತಿದ್ದಾಳೆ ಅಂತ ಗೊತ್ತಿತ್ತು. ಮಿಷನ್ನಿನ ಹುಡುಗ ಬೈದ. "ಏ ಬಾಯಿ, ದೂರ ಸರೀರಿ!" ಅವಳು ಎರಡು ಹೆಜ್ಜೆ ಸರಿದು ಮತ್ತೆ ಕೂಗುತ್ತಿದ್ದಳಂತೆ.

ಮೂರನೇ ವಾರಕ್ಕೆ ಬಾಯೆಲ್ಲ ಸುಲಿದುಹೋಯಿತು. ಉಗುಳು ನುಂಗಿದರೆ ಗಾಜು ನುಂಗಿದಂತೆ. ಆಮೇಲೆ ಉಗುಳೂ ಬತ್ತಿತು. ರುಚಿ ಹೋಯಿತು, ಬೆಲ್ಲವೂ ಮಣ್ಣು, ಹಾಲೂ ಮಣ್ಣು. ಕೆನ್ನೆ ಸುಟ್ಟ ರೊಟ್ಟಿಯ ಹಾಗೆ ಕರಿದಾಯಿತು. ಕೆನ್ನೆಯ ಮೇಲೆ ನೇರಳೆ ಬಣ್ಣದಲ್ಲಿ ಗೆರೆ ಎಳೆದಿದ್ದರು, ಅದು ಅಳಿಸಬಾರದು. ಜಗದೇವಿ ಒದ್ದೆ ಅರಿವೆಯ ತುದಿಯಿಂದ ಗೆರೆ ಬಿಟ್ಟು ಸುತ್ತಲೂ ಒರೆಸುತ್ತಿದ್ದಳು, ರಂಗೋಲಿ ಉಳಿಸಿ ಅಂಗಳ ಸಾರಿಸಿದ ಹಾಗೆ. ನಮ್ಮ ತೋಟದ ಕೆಂಪು ಬಾಳೆಹಣ್ಣನ್ನು ಮೈದುನ ಪ್ರತಿ ವಾರ ತಂದುಕೊಡುತ್ತಿದ್ದ. ಅವಳು ಅದನ್ನು ಹಾಲಿನಲ್ಲಿ ಕಿವುಚಿ, ಅರಿವೆಯಲ್ಲಿ ಸೋಸಿ, ಚಮಚದಿಂದ ಹಾಕುತ್ತಿದ್ದಳು. ಒಂದು ಲೋಟ ಒಳಗೆ ಹೋಗಲು ಒಂದು ತಾಸು. ನಾನು ಸಾಕು ಅಂತ ಕೈ ಮಾಡಿದರೆ, "ಇನ್ನೊಂದು ಚಮಚ. ಸುವರ್ಣಾನ ಹೆಸರ ಮ್ಯಾಲ ಒಂದು" ಎನ್ನುತ್ತಿದ್ದಳು. ತಾನು ಏನು ಉಣ್ಣುತ್ತಿದ್ದಳು, ನಾನು ನೋಡಲಿಲ್ಲ. ನನ್ನ ನೋವಿನಲ್ಲಿ ನನಗೆ ಇನ್ನೊಬ್ಬರ ತಾಟು ಕಾಣಿಸುತ್ತಿರಲಿಲ್ಲ.

ಮುಗಿಯಿತು. ಕಮಲಾಪುರಕ್ಕೆ ಬಂದೆವು. ಡಾಕ್ಟರು ಬಾಯಿ ನೋಡಿ "ಒಣಗ್ತಾ ಇದೆ, ಚೆನ್ನಾಗಿದೆ" ಎಂದಿದ್ದರು. ಬಂದ ನಾಲ್ಕನೇ ದಿನ ಜಗದೇವಿ ಬಚ್ಚಲಲ್ಲಿ ಕೂತು, "ಯಕ್ಕಾ, ಬೆನ್ನ ತಿಕ್ಕಬಾ" ಎಂದು ಕರೆದಳು. ಹೋದೆ. ಒದ್ದೆ ಕೂದಲನ್ನು ಮುಂದಕ್ಕೆ ಹಾಕಿಕೊಂಡು ತಲೆ ಬಗ್ಗಿಸಿ ಕೂತಿದ್ದಳು. ಬಲ ಕಿವಿಯ ಕೆಳಗೆ, ದವಡೆಯ ಮೂಲೆಯಲ್ಲಿ, ನಿಂಬೆಕಾಯಿಯಷ್ಟು ಗಂಟು. ಮುಟ್ಟಿದೆ. ಕಲ್ಲಿನ ಹಾಗಿತ್ತು, ಅಲುಗಲಿಲ್ಲ.

"ಯಾವಾಗಿಂದ?"

"ಭಾಳ ದಿನ ಆಯ್ತು. ಮೊದಲ ಪುಟಾಣಿ ಕಾಳಷ್ಟಿತ್ತು."

"ಅವತ್ತೇ ಇತ್ತಾ?"

ಅವಳು ತಂಬಿಗೆಯಿಂದ ನೀರು ಹಾಕಿಕೊಂಡಳು.

ಮರುದಿನವೇ ಕಲಬುರಗಿ. ಯಜಮಾನರನ್ನು ಬರಬೇಡಿ ಎಂದೆ, ಮೈದುನ ಬಂದ. ಲೇಡಿ ಡಾಕ್ಟರು ಅವಳ ಕೊರಳಿನ ಮೇಲೆ ಬಹಳ ಹೊತ್ತು ಬೆರಳಿಟ್ಟುಕೊಂಡೇ ನಿಂತರು. ಪಟ್ಟಿಯಿಂದ ಗಂಟನ್ನು ಅಳೆದರು. ಬಾಯೊಳಗಿನ ಹುಣ್ಣು ಈಗಲೂ ನನ್ನದಕ್ಕಿಂತ ಸಣ್ಣದೇ. ಖಾಲಿ ಬಿಟ್ಟ ಜಾಗದಲ್ಲಿ ಬರೆದರು. ನನ್ನನ್ನು ಒಬ್ಬಳನ್ನೇ ಪಕ್ಕಕ್ಕೆ ಕರೆದು, "ನಾಲ್ಕು" ಎಂದರು.

"ಅವತ್ತ ತೋರ್ಸಿದ್ರ ಎಷ್ಟಿರ್ತಿತ್ರಿ?"

"ಮೂರು ಇರಬಹುದಿತ್ತು."

"ಮೂರರಾಗ ಉಳದವ್ರು ಅದಾರೇನ್ರಿ?"

ಅವರು "ಇದ್ದಾರೆ" ಎಂದರು.

ಬಸ್ಸಿನಲ್ಲಿ ಜಗದೇವಿ ಕಾಗದ ಕೇಳಿ ಇಸಿದುಕೊಂಡಳು. "ಎಷ್ಟಂತ?"

"ಎರಡು. ನನ್ನಂಗೇ."

ಅವಳು ಬೆರಳಿಟ್ಟು ನೋಡಿದಳು. ಆರೂವರೆ ವಾರ ನನ್ನ ಕಾಗದವನ್ನು ದಿನಾ ಕೈಯಲ್ಲಿ ಹಿಡಿದು ಓಡಾಡಿದವಳು ಅವಳು. "ನಿಂದು ಎರಡು ಕಡ್ಡಿ ಇತ್ತು ಯಕ್ಕಾ. ಇದು ಒಂದೇ ಕಡ್ಡಿ, ಮಗ್ಗಲಕ ಒಂದು ಕವೆಗೋಲು" ಎಂದಳು. ಕಾಗದ ಮಡಿಸಿ ನನಗೆ ಕೊಟ್ಟಳು. ಮಹಾಗಾಂವ ದಾಟುವವರೆಗೂ ಕಿಟಕಿಯ ಹೊರಗೆ ತೊಗರಿ ಹೊಲ ನೋಡುತ್ತ ಕೂತಳು. ಆಮೇಲೆ, "ಸುವರ್ಣಾಗ ಈಗೇ ಹೇಳಬ್ಯಾಡ್ರಿ" ಎಂದಷ್ಟೇ ಅಂದಳು.

ಅವಳಿಗೂ ಕರೆಂಟು ಕೊಟ್ಟರು. ನಾನು ಅದೇ ಬಾಗಿಲ ಹೊರಗೆ ಕೂತು ಕೂಗಿದೆ. ನನ್ನ ಬಾಯಿ ಇನ್ನೂ ಪೂರ್ತಿ ತೆರೆಯುತ್ತಿರಲಿಲ್ಲ, ಧ್ವನಿ ಹೊರಡುತ್ತಿರಲಿಲ್ಲ, ಆದರೂ ಕೂಗಿದೆ. ಗಂಟು ಸ್ವಲ್ಪ ಕರಗಿ ಮತ್ತೆ ಬೆಳೆಯಿತು.

ಎಳ್ಳಮಾಸಿ, ಎಳ್ಳು ಅಮಾವಾಸ್ಯೆಯ ಹಬ್ಬ, ಮುಗಿದ ವಾರ ಅವಳು ಹೋದಳು. ಹೋಗುವ ಮೂರು ದಿನ ಮೊದಲು ಒಂದು ಮಧ್ಯಾಹ್ನ, ನಾನು ಅವಳ ಕಾಲು ಒತ್ತುತ್ತಿದ್ದಾಗ, ಒಂದೊಂದೇ ಮಾತು ನಿಲ್ಲಿಸಿ ನಿಲ್ಲಿಸಿ ಹೇಳಿದಳು.

"ಅವತ್ತ ಡಾಕ್ಟರ ಕೋಣ್ಯಾಗ... ನಿನ್ನ ಕಡಿ ನೋಡ್ದೆ ಅಲ್ಲಾ..."

"ಹೂಂ."

"ಭಾವಾರಿಗಿ ಹೊರಗ ಕಳಸು ಅಂತ ನೋಡ್ದೆ."

ನನ್ನ ಕೈ ಅವಳ ಕಾಲ ಮೇಲೆ ನಿಂತಿತು.

"ನೀ ಇಲ್ಲ ಅಂದಿ. ನನಗೂ ಒಳಗ ಅಂಜಿಕಿ ಇತ್ತು. ಅಕ್ಕ ಇಲ್ಲ ಅಂದಾಳ, ಇಲ್ಲಂತೇ ಆಗ್ಲಿ ಅಂದ್ಕೊಂಡೆ." ಆಮೇಲೆ, "ಒತ್ತು, ಯಾಕ ನಿಂತಿ? ಕಾಲು ಭಾಳ ಹರೀತಾವ" ಎಂದಳು. ಒತ್ತಿದೆ.

ಅವಳು ಸಿಟ್ಟಿಂದ ಹೇಳಲಿಲ್ಲ. ಸಿಟ್ಟಿಂದ ಹೇಳಿದ್ದರೆ ನನಗೆ ಹೊರುವುದು ಹಗುರವಾಗುತ್ತಿತ್ತೇನೋ. ತಾವೇ ತಿಳಿದುಕೊಂಡರೋ ಏನೋ, ಅವಳು ಹೋದಂದಿನಿಂದ ನಮ್ಮ ಯಜಮಾನರು ಮನೆಯ ಯಾವ ಹೆಣ್ಣುಮಗಳನ್ನು ದವಾಖಾನೆಗೆ ಕರೆದೊಯ್ದರೂ ಹೊರಗಿನ ಗೇಟಿನ ಹತ್ತಿರವೇ ನಿಲ್ಲುತ್ತಾರೆ, ಒಳಗೆ ಕಾಲಿಡುವುದಿಲ್ಲ. ನಾವು ಗಂಡ ಹೆಂಡತಿ ಈ ಮಾತನ್ನು ಇಂದಿಗೂ ಆಡಿಲ್ಲ.

ಆರು ವರ್ಷದ ಮೇಲೆ ತಪಾಸಣೆಗೆ ಹೋದಾಗ ಪಡಸಾಲೆಯಲ್ಲಿ ರಸೂಲ್ ಚಾಚಾ ಸಿಕ್ಕರು. ಅರ್ಧ ದವಡೆ ಇರಲಿಲ್ಲ, ಮುಖಕ್ಕೆ ರುಮಾಲು ಸುತ್ತಿಕೊಂಡಿದ್ದರು. "ಮೂರು ಮಾರ್ಕಿನಾಗ ಪಾಸಾದೆ, ಬೆಹೆನ್!" ಎಂದು ತೊದಲುತ್ತ ನಕ್ಕರು. "ನಿಮ್ಮ ತಂಗಿ ಎಲ್ಲಿ? ಆ ಸೆರಗಿನಾಗಿಂದ ಮಾತಾಡಾಕಿ?" ನಾನು ಅವರಿಗೆ ಏನು ಹೇಳಿದೆನೋ ನೆನಪಿಲ್ಲ. ಒಬ್ಬ ಮನುಷ್ಯ ಬದುಕಿದ್ದಕ್ಕೆ ಸಂತೋಷಪಡಲಾರದೆ ಗೋಡೆ ಕಡೆ ತಿರುಗಿದ್ದು ಅದೊಂದೇ ದಿನ. ಅವರ ಅಲ್ಲಾ ನನ್ನನ್ನು ಕ್ಷಮಿಸಲಿ, ಚಾಚಾನೂ ಕ್ಷಮಿಸಲಿ.

ಇದನ್ನು ಓದುವ ಅಕ್ಕ ತಂಗಿಯರೆ, ಬಾಯಲ್ಲಿ ಹುಣ್ಣು ಮೂರು ವಾರ ಮಾಯದಿದ್ದರೆ ಹೋಗಿ ತೋರಿಸಿ. ಹುಣ್ಣು ಸಣ್ಣದಿದೆ ಅಂತ ನಂಬಬೇಡಿ. ಕೊರಳು ತೋರಿಸಿ. ನಿಮ್ಮ ಪರವಾಗಿ ಇನ್ನೊಬ್ಬರು ಮಾತಾಡಲು ಬಿಡಬೇಡಿ, ಅವರು ಎಷ್ಟು ಪ್ರೀತಿಯವರಾಗಿದ್ದರೂ.

ನಿನ್ನೆ ಮಧ್ಯಾಹ್ನ ಸುವರ್ಣಾಳನ್ನೂ ಕೂಸನ್ನೂ ಮನೆಗೆ ಕರೆತಂದೆವು. ಕೂಸಿಗೆ ಎಣ್ಣೆ ಹಚ್ಚಿ ಎರೆದೆ. ಅವಳು ಹಾಸಿಗೆಯ ಮೇಲೆ ಒರಗಿ ನೋಡುತ್ತಿದ್ದಳು.

"ದೊಡ್ಡವ್ವ, ನಮ್ಮವ್ವನೂ ನನಗ ಹಿಂಗೇ ಎರಿತಿದ್ಲೇನು?"

"ಹಿಂಗೇ. ಬರೀ ಹಾಡು ಹೇಳಾಕಿ, ರಾಗ ಇರ್ತಿದ್ದಿಲ್ಲ."

ನಕ್ಕಳು. ಆಮೇಲೆ ಕೇಳಿದಳು. "ನಿಮಗಿಬ್ಬರಿಗೂ ಒಂದೇ ಬ್ಯಾನಿ ಅಲ್ಲಾ? ನೀ ಹೆಂಗ ಉಳದಿ, ಅವ್ವ ಯಾಕ ಉಳಿಲಿಲ್ಲ?"

ಕೂಸನ್ನು ಒರೆಸಿ, ಅರಿವೆಯಲ್ಲಿ ಸುತ್ತಿ, ಅವಳ ಮಗ್ಗುಲಿಗೆ ಹಾಕಿದೆ. ಬಾಗಿಲು ಮುಂದೆ ಮಾಡಿ ಎಲ್ಲಾ ಹೇಳಿದೆ. ಮಿಶ್ರಿ ಕಲಿಸಿದ್ದು, 'ಏನೂ ಇಲ್ರಿ' ಅಂದದ್ದು, ಖಾಲಿ ಜಾಗ, ಅವಳ ಸರತಿಯನ್ನು ನಾನು ತೆಗೆದುಕೊಂಡದ್ದು, ಅವಳ ಆ ನೋಟ. ಒಂದನ್ನೂ ಮುಚ್ಚಿಡಲಿಲ್ಲ.  ಮುಗಿದ ಮೇಲೆ ಸುವರ್ಣಾ ಕೂಸನ್ನು ಎದೆಗೆ ಒತ್ತಿಕೊಂಡು ಗೋಡೆ ಕಡೆ ಹೊರಳಿ ಮಲಗಿದಳು. ಅವಳ ಬೆನ್ನು ಮುಟ್ಟಲು ನನಗೆ ಧೈರ್ಯ ಬರಲಿಲ್ಲ.

ಹೊರಗೆ ಬಂದು ಒಲೆ ಹಚ್ಚಿದೆ. ಇನ್ನೇನು ಮಾಡಲಿ? ಶರಣಸಿರಸಗಿಯಿಂದ ಅಳಿಯ ಮತ್ತು ಬೀಗತಿ ಬರುವವರಿದ್ದರು. ಗೋಧಿ ಹುಗ್ಗಿ, ಬಿಸಿ ರೊಟ್ಟಿ, ಪುಂಡಿಪಲ್ಯ, ಬೇಳೆ. ಹುಗ್ಗಿ ತಿರುವುತ್ತ ತಿರುವುತ್ತ ಒಳಕೋಣೆಯ ಸಪ್ಪಳಕ್ಕೇ ಕಿವಿಗೊಟ್ಟಿದ್ದೆ. ಕೂಸು ಎರಡು ಸಲ ಅತ್ತಿತು. ಅವಳು ನನ್ನನ್ನು ಕರೆಯಲಿಲ್ಲ.

ದೀಪ ಹಚ್ಚುವ ಹೊತ್ತಿಗೆ ಎಲ್ಲರೂ ಪಡಸಾಲೆಯಲ್ಲಿ ಕೂತರು. ಯಜಮಾನರು, ಮೈದುನ, ನನ್ನ ಇಬ್ಬರು ಮಕ್ಕಳು, ಅಳಿಯ, ಬೀಗತಿ. ಬಾಣಂತಿಗೆ ಒಳಗೇ ಬೇರೆ ಊಟ, ಅದು ಪದ್ಧತಿ. ತಾಟು ಹಾಕುವಷ್ಟರಲ್ಲಿ ಒಳಕೋಣೆಯ ಬಾಗಿಲು ತೆರೆಯಿತು. ಸುವರ್ಣಾ ಕಣ್ಣು ಊದಿಸಿಕೊಂಡು, ಕೂಸನ್ನು ಎತ್ತಿಕೊಂಡು ಬಂದಳು.

"ಏ ಹುಚ್ಚಿ, ನಿನ್ನೆ ಹಡದಾಕಿ ಎದ್ದು ಬಂದೆಲ್ಲಾ!" ಎಂದರು ಬೀಗತಿ.

"ಒಳಗ ಒಬ್ಬಾಕೇ ಉಣ್ಣಂಗಿಲ್ಲ ನಾ."

ನೆಟ್ಟಗೆ ನನ್ನ ಹತ್ತಿರ ಬಂದಳು. ನಾನು ಸೌಟು ಹಿಡಿದುಕೊಂಡು ನಿಂತಿದ್ದೆ. ಸೌಟನ್ನು ನನ್ನ ಕೈಯಿಂದ ಇಸಿದುಕೊಂಡು ಅವಳ ಗಂಡನಿಗೆ ಕೊಟ್ಟು, ಕೂಸನ್ನು ನನ್ನ ತೋಳಲ್ಲಿ ಇಟ್ಟಳು.

"ಹಿಡಿ ದೊಡ್ಡವ್ವ. ನನಗ ಹೊಟ್ಟಿ ಹಸ್ದದ."

ನಾನು ಕೂಸನ್ನು ಹಿಡಿದು ಅಲ್ಲೇ ಕೂತೆ. ಅವಳು ನನ್ನ ಮಗ್ಗುಲಲ್ಲೇ ಚಾಪೆಯ ಮೇಲೆ ಕೂತು, ತಾಟು ಎಳೆದುಕೊಂಡು, ಮುಖ ಎತ್ತದೆ ಹೇಳಿದಳು. "ಅವ್ವಂದು ಎಲ್ಲಾ ಇಕಿಗಿ ನೀನೇ ಹೇಳಬೇಕು. ನನಗ ಹೇಳ್ದಂಗೇ, ಒಂದೂ ಬಿಡದಂಗ. ಇಕಿ ದೊಡ್ಡಾಕಿ ಆಗೋತನಕ ನೀ ಎಲ್ಲೂ ಹೋಗಂಗಿಲ್ಲ, ತಿಳೀತಾ?"

"ತಿಳೀತವ್ವಾ" ಎಂದೆ.

ಅಳಿಯನಿಗೂ ಬೀಗತಿಗೂ ಏನೂ ಅರ್ಥವಾಗಲಿಲ್ಲ. ಮೈದುನ ತಲೆ ತಗ್ಗಿಸಿ ಕೂತಿದ್ದ, ಅವನ ಕಣ್ಣಿಂದ ನೀರು ತಾಟಿಗೇ ಬೀಳುತ್ತಿತ್ತು. ಅಳಿಯ ಸೌಟು ಹಿಡಿದು ನೆಲಕ್ಕೆಲ್ಲ ಹುಗ್ಗಿ ಚೆಲ್ಲುತ್ತ ಬಡಿಸಿದ. ಅವನ ಅವ್ವ ಬೈದರು, ನನ್ನ ಮಕ್ಕಳು ನಕ್ಕರು. ನಾನು ಕೂಸನ್ನು ತೊಡೆಯ ಮೇಲೆ ಇಟ್ಟುಕೊಂಡು, ಹುಗ್ಗಿಗೆ ಹಾಲು ಹಾಕಿ ತೆಳ್ಳಗೆ ಮಾಡಿಕೊಂಡು ನಿಧಾನವಾಗಿ ನುಂಗಿದೆ. ಸುವರ್ಣಾ ಎರಡು ರೊಟ್ಟಿ ತಿಂದಳು, ಮತ್ತೊಂದು ಕೇಳಿದಳು. ಎಲ್ಲರೂ ಮತ್ತೆ ಮತ್ತೆ ಹಾಕಿಸಿಕೊಂಡು ಉಂಡರು. ಹುಗ್ಗಿ ಸಾಲಲಿಲ್ಲ, ಎರಡನೇ ಸಲ ಒಲೆಗೆ ಇಟ್ಟೆವು.